ಬಿಡಿ ಎಲೆಗಳು, ಇಡಿ ಮರ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನಾನು ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಆದರೆ ನಾನು ಬರೆಯಹೊರಟಿರುವುದು ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಮರಗಳ ವಿಷಯ. ಇದು ನನ್ನ ಅಧಿಕಾರದ ಕ್ಷೇತ್ರವಲ್ಲವೆಂಬುದನ್ನು ಬಲ್ಲೆ. ಆದರೂ ಈ ಶಾಸ್ತ್ರವು ನನ್ನ ವೃತ್ತಿಜೀವನದ ಹಳೆಯ ತಪ್ಪೊಂದನ್ನು ನನಗೆ ತೋರಿಸಿಕೊಟ್ಟಿತು. ಅದನ್ನು ಒಪ್ಪಿಕೊಳ್ಳುವುದಕ್ಕೆ, ನನ್ನಲ್ಲಿ ಓದಿಹೋದವರ ಕೈಗೆ ತಲುಪುವ ಈ ಸಂಚಿಕೆಗಿಂತ ತಕ್ಕ ಸ್ಥಳ ಮತ್ತೊಂದಿಲ್ಲ.

ಕಳೆದ ವರ್ಷದ ಮಾತು. ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ನಮ್ಮ ಕಿರಿಯ ಅಧ್ಯಾಪಕರೊಬ್ಬರು ದೊಡ್ಡದೊಂದು ಚಿತ್ರಪಟವನ್ನು ಸಿದ್ಧಪಡಿಸಿ, ಅದರೊಳಗಿನ ಪದಗಳನ್ನು ಕನ್ನಡಕ್ಕೆ ತರಬೇಕೆಂದು ನನ್ನಲ್ಲಿಗೆ ಬಂದಿದ್ದರು. ಬೀಜವನ್ನು ಹಣ್ಣಿನೊಳಗೆ ಮುಚ್ಚಿಡದೆ, ಹಲ್ಲೆಹಲ್ಲೆಯಾದ ಶಂಕುವಿನ ಮೇಲೆ ತೆರೆದಿಟ್ಟುಕೊಳ್ಳುವ ದೇವದಾರು, ಪೈನ್ ಮೊದಲಾದ ಮರಗಳಿಗೆ ‘ಶಂಕುಧಾರಿ’ ಎಂಬ ಹೆಸರು ಆಗಲೇ ರೂಢಿಯಲ್ಲಿತ್ತು. ಪಟದಲ್ಲಿ ಆ ಮರಗಳೂ, ಅವುಗಳ ದೂರದ ಬಂಧುಗಳಾದ ಕೆಲವು ಅಳಿದ ಗಿಡಗಳೂ ಕಾಂಡ, ಎಲೆ, ಶಂಕುಗಳೊಡನೆ ಸಮಗ್ರವಾಗಿ ಚಿತ್ರಿತವಾಗಿದ್ದವು. ಒಂದರ ಕೆಳಗೆ ‘ನಿಪಾನಿಯಾ’ ಎಂದಿತ್ತು. ನಮ್ಮ ಜಿಲ್ಲೆಯ ನಿಪ್ಪಾಣಿಯೇ ಇರಬೇಕೆಂದು ನಾನು ಹಿಗ್ಗಿದೆ. ಅಧ್ಯಾಪಕರು ನಕ್ಕು, ಅದು ಇಂದಿನ ಜಾರ್ಖಂಡದ ರಾಜಮಹಲ ಬೆಟ್ಟಗಳಲ್ಲಿರುವ ಒಂದು ಹಳ್ಳಿಯೆಂದು ತಿಳಿಸಿದರು.

“ಅದಿರಲಿ ಸರ, ಈ ಗಿಡವನ್ನು ನೋಡಿದವರು ಯಾರು?” ಎಂದು ಕೇಳಿದೆ.

“ಯಾರೂ ನೋಡಿಲ್ಲರಿ ಗುರುಗಳೇ. ಎಲಿ ಒಂದ್ ಕಡೆ, ಕಾಯಿ ಒಂದ್ ಕಡೆ, ಕಟಗಿ ಒಂದ್ ಕಡೆ ಸಿಕ್ಕಾವು. ಎಲ್ಲಾ ಕೂಡಿಸಿ ಬರದಾರ.”

“ಕೂಡಿಸಿದ್ದು ಸರಿ ಎಂಬುದಕ್ಕೆ ಆಧಾರ?”

“ಅದನ್ನ ಓದಿದ್ರ ನಿಮಗ ನಿಮ್ಮ ಓಲಿಗರಿ ಕೆಲಸಾನ ನೆನಪಾಗ್ತೈತ್ರಿ,” ಎಂದು ಹೇಳಿ, ಮರುದಿನ ಎರಡು ಗ್ರಂಥಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಓದತೊಡಗಿದಾಗ ಮೊದಲು ಮುರಿದುಬಿದ್ದದ್ದು ಕಣ್ಣಿನ ಮೇಲೆ ನಾನಿಟ್ಟಿದ್ದ ನಂಬಿಕೆ. ನಮ್ಮ ಶಾಲೆಯ ಅಂಗಳದಲ್ಲಿ ಒಂದು ಗಾಳಿಮರವಿದೆ. ಅದರ ಸೂಜಿಯಂತಹ ಎಲೆಗಳನ್ನೂ, ಮಕ್ಕಳು ಗೋಲಿಯಾಟಕ್ಕೆ ಆರಿಸುವ ಪುಟ್ಟ ಕಾಯಿಗಳನ್ನೂ ಕಂಡು, ಅದು ಶಂಕುಧಾರಿಯೆಂದೇ ನಾನು ತಿಳಿದಿದ್ದೆ. ಅದು ಹೂಬಿಡುವ ಮರಗಳ ವರ್ಗಕ್ಕೆ ಸೇರಿದ್ದು. ನಾವು ಎಲೆಯೆನ್ನುವುದು ಅದರ ಗಿಣ್ಣುಗಿಣ್ಣಾದ ಹಸಿರು ಕಡ್ಡಿ. ನಿಜವಾದ ಎಲೆಗಳು ಆ ಗಿಣ್ಣಿನ ಸುತ್ತ ಹಲ್ಲಿನಂತೆ ಅಂಟಿಕೊಂಡಿರುವ ಸೂಕ್ಷ್ಮವಾದ ಹುರುಪೆಗಳು. ಇದಕ್ಕೆ ವಿರುದ್ಧವಾಗಿ, ದಕ್ಷಿಣ ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಒಂದೇ ಒಂದು. ಅದಕ್ಕೆ ನಾಗೇಯ ವಾಲಿಚಿಯಾನ ಎಂದು ಹೆಸರು. ಅದರ ಎಲೆ ಅಗಲ. ಕಣ್ಣಿಗೆ ಕಾಣುವಂತಹ ಶಂಕುವೂ ಇಲ್ಲ. ಪಶ್ಚಿಮ ಘಟ್ಟದ ದಕ್ಷಿಣಭಾಗದಲ್ಲಿ ಅದರ ಕೆಳಗೇ ನಿಂತರೂ ನನ್ನಂಥವನು ಅದನ್ನು ಗುರುತಿಸಲಾರ. ಹೋಲುವುದು ಬಂಧುವಲ್ಲದಿರಬಹುದು, ಬಂಧುವಾದದ್ದು ಹೋಲದಿರಬಹುದು. ಜೀವಂತ ಮರದ ಮುಂದೆಯೇ ಹೀಗಾದರೆ, ಕಲ್ಲಿನೊಳಗಿನ ತುಂಡಿನ ಮುಂದೆ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಕೊಣ್ಣೂರಿನವರಾದ ನಮಗೆ ಕಲ್ಲು ಹೊಸದಲ್ಲ. ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಬಂಡೆಯನ್ನು ನೋಡುತ್ತಲೇ ಬೆಳೆದವರು ನಾವು. ಹೆಸರನ್ನು ಬರೆದಿಡದ ಪ್ರಾಚೀನರ ಶಿಲಾಸಮಾಧಿಗಳು ನಮ್ಮೂರಿನ ಪರಿಸರದಲ್ಲಿಯೇ ಇವೆ. ಜಲಪಾತದ ಆ ಮರಳುಗಲ್ಲಿನಲ್ಲಿ ಎಲೆಯನ್ನು ಹುಡುಕುವುದು ವ್ಯರ್ಥ. ಏಕೆಂದರೆ ನೆಲದ ಮೇಲೆ ಗಿಡಮರಗಳು ಹುಟ್ಟುವುದಕ್ಕಿಂತ ಎಷ್ಟೋ ಮುಂಚೆ ಅದು ಮರಳಾಗಿ ಶೇಖರವಾದದ್ದು. ಅದರ ಆಸುಪಾಸಿನ ಕರಿಕಲ್ಲಿನ ಕಥೆಯೇ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಮೇಲಿಂದ ಮೇಲೆ ಹರಿದ ಲಾವಾ ಆರಿ ಆದದ್ದು ಅದು. ಒಂದು ಹರಿವಿಗೂ ಮುಂದಿನ ಹರಿವಿಗೂ ನಡುವೆ ದೀರ್ಘಕಾಲದ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಕೆರೆಗಳು ತುಂಬಿ, ದಂಡೆಯಲ್ಲಿ ಗಿಡಗಳು ಬೆಳೆದು, ಮತ್ತೆ ಲಾವಾ ಹರಿದು ಎಲ್ಲವೂ ಮುಚ್ಚಿಹೋಗುತ್ತಿತ್ತು. ನಮ್ಮ ಗೋಕಾಕ ಸೀಮೆಯ ಮಮದಾಪುರದ ಕಡೆಯಲ್ಲಿಯೂ ಲಾವಾ ಪದರಗಳ ನಡುವಣ ಇಂತಹ ಕೆರೆಯ ನಿಕ್ಷೇಪವನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಈ ಕರಿಕಲ್ಲಿನ ಹಾಸು ಉತ್ತರಕ್ಕೆ ಮಹಾರಾಷ್ಟ್ರದ ಬಹುಭಾಗವನ್ನು ವ್ಯಾಪಿಸಿ ನಾಗಪುರದವರೆಗೂ ಹಬ್ಬಿದೆ. ಶಂಕುಧಾರಿಗಳ ಅವಶೇಷಗಳು ದೊರೆತದ್ದು ಆ ತುದಿಯಲ್ಲಿ.

ನಾಗಪುರದ ಸುತ್ತಣ ಪಳೆಯುಳಿಕೆಗಳನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆರಿಸಿ ಕೂಡಿಟ್ಟವರು ಸ್ಟೀಫನ್ ಹಿಸ್ಲಾಪ್ ಮತ್ತು ರಾಬರ್ಟ್ ಹಂಟರ್ ಎಂಬ ಇಬ್ಬರು ಕ್ರೈಸ್ತ ಪಾದ್ರಿಗಳು. ಹಿಸ್ಲಾಪರು 1863ರಲ್ಲಿ ಟಾಕಳಘಾಟದ ಶಿಲಾವೃತ್ತಗಳನ್ನು, ಅಂದರೆ ನಮ್ಮೂರಿನ ಶಿಲಾಸಮಾಧಿಗಳಂತಹ ಪ್ರಾಚೀನರ ಕುರುಹುಗಳನ್ನು, ಪರಿಶೀಲಿಸಲು ಹೋಗಿದ್ದವರು ಹಿಂದಿರುಗುವಾಗ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಅವರು ತೆರೆದ ಆ ದಾರಿಯಲ್ಲಿ ಮುಂದೆ ಬಂದವರು ಭಾರತದ ಸಸ್ಯಾವಶೇಷ ಶಾಸ್ತ್ರದ ಆಚಾರ್ಯರೆನಿಸಿದ ಬೀರಬಲ್ ಸಾಹ್ನಿ. ಅವರು 1928 ಮತ್ತು 1931ರಲ್ಲಿ ಭಾರತದ ಪ್ರಾಚೀನ ಶಂಕುಧಾರಿಗಳನ್ನೆಲ್ಲ ಪರಿಷ್ಕರಿಸಿ ಎರಡು ಭಾಗಗಳಲ್ಲಿ ಗ್ರಂಥಸ್ಥಗೊಳಿಸಿದರು. ನಾಗಪುರದ ಬಳಿಯ ಟಾಕ್ಲಿಯ ಒಂದು ಶಂಕುವಿಗೆ ಅವರಿಟ್ಟ ಹೆಸರು ಟಾಕ್ಲಿಯೊಸ್ಟ್ರೋಬಸ್ ಅಲೇಟಸ್. ಟಾಕ್ಲಿಯ ರೆಕ್ಕೆಯುಳ್ಳ ಶಂಕು ಎಂದು ಅದರ ಭಾವ. ಇದು ಶಂಕುವಿಗೆ ಇಟ್ಟ ಹೆಸರೇ ಹೊರತು ಮರಕ್ಕೆ ಇಟ್ಟದ್ದಲ್ಲ ಎಂಬುದನ್ನು ಗಮನಿಸಬೇಕು.

ಈ ಶಾಸ್ತ್ರದ ಮೊದಲನೆಯ ಶಿಸ್ತೇ ಇದು. ಮರವು ಎಂದಿಗೂ ಇಡಿಯಾಗಿ ಕಲ್ಲಾಗುವುದಿಲ್ಲ. ಎಲೆ ಒಂದು ಋತುವಿನಲ್ಲಿ ಉದುರುತ್ತದೆ, ಶಂಕು ಮತ್ತೊಂದರಲ್ಲಿ. ಕಾಂಡ ಎಂದೋ ಬಿದ್ದು ನೆರೆಯಲ್ಲಿ ತೇಲಿಹೋಗುತ್ತದೆ. ಆದುದರಿಂದ ದೊರೆತ ಬಿಡಿ ಎಲೆಗೆ ಒಂದು ಹೆಸರು, ಬಿಡಿ ಶಂಕುವಿಗೆ ಒಂದು, ಬಿಡಿ ಕಾಂಡಕ್ಕೆ ಮತ್ತೊಂದು. ನಮ್ಮ ದೇಶದ ಪ್ರಾಚೀನ ಶಿಲೆಗಳಲ್ಲಿ ಕಾಣುವ ಬ್ರಾಕಿಫಿಲ್ಲಮ್ ಎಂಬ ಹೆಸರಿಗೆ ‘ಗಿಡ್ಡೆಲೆ’ ಎಂದಷ್ಟೇ ಅರ್ಥ. ಒಂದೇ ಮರಕ್ಕೆ ಮೂರು ನಾಲ್ಕು ಹೆಸರು ಬೀಳಬಹುದಾದ ಈ ಪದ್ಧತಿಯನ್ನು ಕಂಡು ಮೊದಲು ನಗು ಬಂತು. ಆಮೇಲೆ ಇದರ ವಿವೇಕ ತಿಳಿಯಿತು. ಒಂದೇ ಮರದ್ದೆಂದು ಸಿದ್ಧವಾಗುವತನಕ ಒಂದೇ ಹೆಸರಿನಿಂದ ಕರೆಯದಿರುವುದು ಸತ್ಯಕ್ಕೆ ತೋರುವ ಗೌರವ.

ಹಾಗಾದರೆ ಸಿದ್ಧವಾಗುವುದು ಹೇಗೆ? ಎಲೆ, ಶಂಕುಗಳು ಒಂದೇ ಕೊಂಬೆಗೆ ಅಂಟಿಕೊಂಡೇ ದೊರೆತರೆ ಅದು ಪ್ರತ್ಯಕ್ಷ ಪ್ರಮಾಣ. ಅಂತಹ ಭಾಗ್ಯ ಅಪರೂಪ. ಉಳಿದೆಡೆ ಒಳರಚನೆಯನ್ನು ನೋಡಬೇಕು. ನೀರಿನಲ್ಲಿ ಕರಗಿದ ಸಿಲಿಕ ದ್ರವ್ಯವು ಮರದ ಒಂದೊಂದು ಜೀವಕೋಶದೊಳಗೂ ಇಳಿದು ಗಟ್ಟಿಯಾಗಿರುತ್ತದೆ. ಆ ಕಲ್ಲನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳುವಾಗಿ ತೇದು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ಗೋಡೆಗಳೂ ಎಣಿಸಲು ಬರುತ್ತವೆ. ಇಲ್ಲವೆ, ನಯಗೊಳಿಸಿದ ಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ತುಸು ಸವೆಯಿಸಿ, ಮೇಲೆ ತೆಳುಪೊರೆಯನ್ನು ಹರಡಿ, ಒಣಗಿದ ಬಳಿಕ ಸುಲಿದು ತೆಗೆಯುತ್ತಾರೆ. ಕೋಶಗಳ ಅಚ್ಚು ಆ ಪೊರೆಯೊಡನೆ ಬರುತ್ತದೆ. ಕಲ್ಲಾಗದೆ ಕೆಸರಿನ ಪದರದಲ್ಲಿ ಚಪ್ಪಟೆಯಾದ ಎಲೆಯಾದರೆ, ಅದರ ಮೇಣದಂತಹ ಹೊರಪೊರೆಯನ್ನು ಬಿಡಿಸಿ, ಪತ್ರರಂಧ್ರಗಳು ಯಾವ ಸಾಲಿನಲ್ಲಿವೆ, ಅವುಗಳ ಸುತ್ತಣ ಕೋಶಗಳ ಜೋಡಣೆ ಎಂತಹುದು ಎಂಬುದನ್ನು ನೋಡುತ್ತಾರೆ. ಶಂಕುವಿನ ಹಲ್ಲೆಯ ಹೊರಪೊರೆಯಲ್ಲಿಯೂ ಅದೇ ವಿನ್ಯಾಸ ಕಂಡರೆ ಬಾಂಧವ್ಯದ ಅನುಮಾನ ಬಲವಾಗುತ್ತದೆ. ಮೂರನೆಯದು ಸಹವಾಸ. ಎರಡು ಅಂಗಗಳು ಬೇರೆ ಬೇರೆ ಸ್ಥಳಗಳಲ್ಲಿಯೂ ಮತ್ತೆ ಮತ್ತೆ ಜೊತೆಯಾಗಿಯೇ ದೊರೆಯಬೇಕು. ಒಮ್ಮೆ ಮಾತ್ರ ಜೊತೆಗಿದ್ದುದು ಸಾಲದು. ಒಂದು ಕೆರೆಗೆ ಹತ್ತು ಮರಗಳ ಎಲೆ ಬಂದು ಬೀಳುತ್ತದೆ.

ಓಲೆಗರಿಗಳ ಕಟ್ಟನ್ನು ಬಿಚ್ಚಿದವರಿಗೆ ಇದೆಲ್ಲವೂ ಪರಿಚಿತ. ಒಂದೇ ಕಟ್ಟಿನಲ್ಲಿದ್ದ ಮಾತ್ರಕ್ಕೆ ಎರಡು ಗರಿಗಳು ಒಂದೇ ಕಾವ್ಯದವಾಗುವುದಿಲ್ಲ. ಯಾರೋ ಪುಣ್ಯಾತ್ಮರು ಬಿಡಿಗರಿಗಳನ್ನೆಲ್ಲ ಸೇರಿಸಿ ದಾರ ಪೋಣಿಸಿರಬಹುದು. ಲಿಪಿಕಾರನ ಕೈ ಒಂದೆಯೆ, ಪಂಕ್ತಿಗಳ ಸಂಖ್ಯೆ ಸಮವೆ, ರಂಧ್ರದ ಸ್ಥಾನ ಹೊಂದುವುದೆ, ಗರಿಯ ಅಂಕೆ ಮುಂದುವರಿಯುವುದೆ, ಛಂದಸ್ಸು ಕೂಡಿಕೊಳ್ಳುವುದೆ ಎಂದು ನೋಡಬೇಕು. ನನ್ನ ಗುರುಗಳು ಇದನ್ನೆಲ್ಲ ಕಲಿಸಿದ್ದರು. ಕಲಿತು ನಾನು ಮಾಡಿದ್ದೇನೆಂಬುದನ್ನು ಮುಂದೆ ಹೇಳುತ್ತೇನೆ.

ಈ ಜೋಡಣೆಯ ಕೆಲಸಕ್ಕೆ ನಮ್ಮ ದೇಶದ ಶ್ರೇಷ್ಠ ನಿದರ್ಶನವೆಂದರೆ ನಿಪಾನಿಯಾದ ಶಿಲೆಗಳು. ಸಾಹ್ನಿಯವರ ಕಾಲದಲ್ಲಿ ಅವನ್ನು ಜುರಾಸಿಕ್ ಯುಗದವೆಂದು ಎಣಿಸುತ್ತಿದ್ದರು; ಇಂದಿನ ಗಣನೆಯಲ್ಲಿ ಅವು ಕ್ರಿಟೇಷಸ್ ಯುಗದ ಆದಿಭಾಗಕ್ಕೆ, ಎಂದರೆ ಹನ್ನೊಂದು ಕೋಟಿ ವರ್ಷಗಳಿಗೂ ಹಿಂದಕ್ಕೆ, ಸಲ್ಲುತ್ತವೆ. ಲಖನೌದಲ್ಲಿ ಸಾಹ್ನಿಯವರೊಡನೆ ಕೆಲಸ ಮಾಡಿದ ಎ. ಆರ್. ರಾವ್ ಅವರು ಅಲ್ಲಿಯ ಒಂದು ಶಂಕುವನ್ನು 1943ರಲ್ಲಿ ನಿಪಾನಿಯೊಸ್ಟ್ರೋಬಸ್ ಎಂದು ಕರೆದರು. ಅಲ್ಲಿಯದೇ ಶಂಕುಧಾರಿಯ ಎಳೆಗೊಂಬೆಯೊಂದಕ್ಕೆ ಅವರಿಟ್ಟ ಹೆಸರು ನಿಪಾನಿಯೊರುಹ ಗ್ರಂಥಿಯ. ಲ್ಯಾಟಿನ್ ಹೆಸರುಗಳ ಸಂತೆಯಲ್ಲಿ ನಮ್ಮ ‘ಮಹೀರುಹ’ದ ರುಹವೂ, ಗ್ರಂಥಿಯೂ ಕಿವಿಗೆ ಬಿದ್ದಾಗ ಪರದೇಶದಲ್ಲಿ ಊರವರು ಸಿಕ್ಕಂತಾಯಿತು. ನಮ್ಮ ಘಟ್ಟದ ನಾಗೇಯ ಮರವಿರುವ ಪೊಡೊಕಾರ್ಪ್ ಕುಟುಂಬಕ್ಕೆ ಈ ಅಳಿದ ಶಂಕುಧಾರಿಗಳು ಸಮೀಪವಾದವು.

ಅದೇ ಶಿಲೆಗಳಲ್ಲಿ ಒಂದು ಕಾಂಡ ದೊರೆಯಿತು. ಅಡ್ಡ ಕೊಯ್ದು ನೋಡಿದರೆ ಒಳಗೆ ಸಾಮಾನ್ಯವಾಗಿ ಐದು ಬೇರೆ ಬೇರೆ ಕಟ್ಟಿಗೆಯ ಭಾಗಗಳು. ಅದಕ್ಕೆಂದೇ ಪೆಂಟಾಕ್ಸಿಲಾನ್ ಎಂದು ಹೆಸರು. ನಡುನರವುಳ್ಳ ಪಟ್ಟಿಯಂತಹ ಎಲೆಯೊಂದು ದೊರೆಯಿತು; ಅದಕ್ಕೆ ನಿಪಾನಿಯೊಫಿಲ್ಲಮ್ ಎಂದರು. ಹಿಪ್ಪುನೇರಳೆಯ ಹಣ್ಣನ್ನು ಹೋಲುವ ಬೀಜಗಳ ಗೊಂಚಲು ದೊರೆಯಿತು. ಅದು ಕಾರ್ನೊಕೊನೈಟಿಸ್ ಆಯಿತು. ಕಟ್ಟಿಗೆಯನ್ನು ಮಾತ್ರ ನೋಡಿದವನು ಇದು ಶಂಕುಧಾರಿಯಂತಿದೆ ಎನ್ನುತ್ತಿದ್ದ. ಎಲೆಯನ್ನು ಮಾತ್ರ ನೋಡಿದವನು ಸೈಕಾಸ್ ಗಿಡದ ನಂಟನೆನ್ನುತ್ತಿದ್ದ. ಬೀಜದ ಗೊಂಚಲನ್ನು ಮಾತ್ರ ನೋಡಿದವನು ಇವೆರಡನ್ನೂ ಅಲ್ಲಗಳೆಯುತ್ತಿದ್ದ. ಮೂವರೂ ತಮ್ಮ ತಮ್ಮ ತುಂಡಿನ ಮಟ್ಟಿಗೆ ಸತ್ಯವಂತರೇ. ಸಾಹ್ನಿಯವರು 1948ರಲ್ಲಿ ಇವುಗಳನ್ನು ಒಂದುಗೂಡಿಸಿ, ಇದು ಯಾವ ಹಳೆಯ ಗುಂಪಿಗೂ ಸೇರದ ಹೊಸ ಗುಂಪೆಂದು ಸಾರಿದರು. ಜೋಡಿಸಿದ ಮೇಲೂ ತುಂಡುಗಳ ಬಿಡಿ ಹೆಸರುಗಳನ್ನು ಅಳಿಸಲಿಲ್ಲ. ಎಲ್ಲಿ ಬೆಸುಗೆ ಹಾಕಲಾಗಿದೆ ಎಂಬುದು ಇಂದಿಗೂ ಆ ಹೆಸರುಗಳಲ್ಲಿಯೇ ಕಾಣುತ್ತದೆ.

ಮರುವರ್ಷ, 1949ರ ಏಪ್ರಿಲ್ 3ರಂದು, ಲಖನೌದಲ್ಲಿ ಅವರ ಕನಸಿನ ಸಂಸ್ಥೆಗೆ ಪ್ರಧಾನಿ ನೆಹರೂ ಅವರಿಂದ ಶಿಲಾನ್ಯಾಸವಾಯಿತು. ಆ ಅಡಿಗಲ್ಲಿನಲ್ಲಿಯೇ ಪಳೆಯುಳಿಕೆಗಳನ್ನು ಹುದುಗಿಸಲಾಗಿತ್ತು. ಅದಾಗಿ ಒಂದೇ ವಾರಕ್ಕೆ ಸಾಹ್ನಿಯವರು ನಿಧನರಾದರು. ಪೆಂಟಾಕ್ಸಿಲಾನ್ ಗಿಡದ ಗಂಡುಹೂ ದೊರೆತದ್ದು ಆಮೇಲೆ. 1953ರಲ್ಲಿ ಅದನ್ನು ವರ್ಣಿಸಿದ ವಿಷ್ಣು ಮಿತ್ರೆ ಅವರು ಅದಕ್ಕೆ ಸಾಹ್ನಿಯ ಎಂದು ಹೆಸರಿಟ್ಟರು.

ಇನ್ನು ನನ್ನ ಮಾತು. ವಿದ್ವತ್ ಮುಗಿಸಿ ಹೊಸದಾಗಿ ಅಧ್ಯಾಪಕನಾಗಿ ಬಂದಿದ್ದ ದಿನಗಳಲ್ಲಿ, ಹತ್ತಿರದ ಮನೆತನವೊಂದರಲ್ಲಿದ್ದ ಭಾಮಿನಿ ಷಟ್ಪದಿಯ ಪುರಾಣವೊಂದನ್ನು ಓಲೆಗರಿಯಿಂದ ಪ್ರತಿಮಾಡಿ ಅಚ್ಚು ಹಾಕಿಸುವ ಅವಕಾಶ ಒದಗಿತು. ಗರಿಗಳನ್ನು ಹುಳು ತಿಂದಿತ್ತು. ಒಂದು ಪದ್ಯದ ಮೂರನೆಯ ಸಾಲು ಪೂರ್ತಿಯಾಗಿ ಲೋಪವಾಗಿತ್ತು. ಭಾಮಿನಿಯ ಮೂರನೆಯ ಸಾಲೆಂದರೆ ಮೂರು ನಾಲ್ಕರ ಗಣಗಳು ಮೂರಾವೃತ್ತಿ, ಕೊನೆಗೊಂದು ಗುರು. ಒಟ್ಟು 23 ಮಾತ್ರೆ. ಎರಡನೆಯ ಅಕ್ಷರ ಯಾವುದಿರಬೇಕೆಂಬುದನ್ನು ಪ್ರಾಸವೇ ಹೇಳುತ್ತಿತ್ತು. ಕಳೆದುಹೋದ ಸಾಲಿನ ಉದ್ದ ಗೊತ್ತು, ನಡಿಗೆ ಗೊತ್ತು, ಒಂದು ಅಕ್ಷರವೂ ಗೊತ್ತು. ಗೊತ್ತಿಲ್ಲದಿದ್ದುದು ಕವಿ ಏನು ಹೇಳಿದ್ದನೆಂಬುದೊಂದೇ. ಅದನ್ನು ನಾನು ಹೇಳಿದೆ. ಒಂದು ಸಾಲನ್ನು ರಚಿಸಿ, ಚೌಕ ಆವರಣವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ, ಕವಿಯ ಸಾಲುಗಳ ನಡುವೆ ಕೂರಿಸಿದೆ. ಸಾಲು ಚೆನ್ನಾಗಿತ್ತು, ಅದೇ ಅನರ್ಥಕ್ಕೆ ಕಾರಣವಾಯಿತು.

ಹಲವು ವರ್ಷಗಳ ಬಳಿಕ ಸಂಶೋಧಕರೊಬ್ಬರು ತಮ್ಮ ಪ್ರಬಂಧದ ಪ್ರತಿಯನ್ನು ಗೌರವದಿಂದ ನನಗೆ ಕಳುಹಿಸಿದರು. ನಮ್ಮ ಸೀಮೆಯ ಒಂದು ಪದವು ಆ ಕವಿಯ ಕಾಲಕ್ಕಾಗಲೇ ಬಳಕೆಯಲ್ಲಿತ್ತೆಂಬುದಕ್ಕೆ ಅವರು ಕೊಟ್ಟಿದ್ದ ಏಕೈಕ ಆಧಾರ ಆ ಸಾಲು. ಆ ಪದ ಕವಿಯದಲ್ಲ. ನನ್ನ ತಾಯಿಯ ಬಾಯಿಂದ ನಾನು ಕೇಳಿದ್ದು. ಓದಿ ಬೆವತೆ. ಆದರೂ ಸುಮ್ಮನಿದ್ದೆ. ಸುಮ್ಮನಿರುವುದು ವಿನಯವೆಂದು ನನಗೆ ನಾನೇ ಹೇಳಿಕೊಂಡೆ.

ಸಾಹ್ನಿಯವರೂ ಒಮ್ಮೆ ತಪ್ಪಿದ್ದರು. ರಾಜಮಹಲದ ಒಂದು ಕಟ್ಟಿಗೆಯ ತುಂಡನ್ನು 1932ರಲ್ಲಿ ಹೋಮಾಕ್ಸಿಲಾನ್ ಎಂದು ಕರೆದು, ಅದು ಸಂಪಿಗೆಯ ಬಳಗಕ್ಕೆ ಹತ್ತಿರವಾದ, ಹೂಬಿಡುವ ಮರದ್ದಿರಬೇಕೆಂದು ಅವರು ತರ್ಕಿಸಿದ್ದರು. ಲಖನೌದಲ್ಲಿಯೇ ಇದ್ದ ಹ್ಸೂ ಮತ್ತು ಬೋಸ್ ಎಂಬ ವಿದ್ವಾಂಸರು 1952ರಲ್ಲಿ ಅದನ್ನು ಮತ್ತೆ ಪರಿಶೀಲಿಸಿದಾಗ, ಹೂಬಿಡುವ ಮರಗಳಿಗಿಂತ ಬೆನ್ನೆಟೈಟೀಸ್ ಎಂಬ ಅಳಿದ ಗುಂಪಿಗೆ ಅದು ಸಮೀಪವೆಂದು ಕಂಡುಬಂತು. 1954ರಲ್ಲಿ ಹಳೆಯ ಹೆಸರನ್ನು ಬಿಟ್ಟು ಹೊಸ ಹೆಸರನ್ನಿಟ್ಟರು: ಸಾಹ್ನಿಯಾಕ್ಸಿಲಾನ್. ಆಚಾರ್ಯರ ನಿರ್ಣಯವನ್ನು ತಿದ್ದಿದ ಜಾಗದಲ್ಲಿಯೇ ಆಚಾರ್ಯರ ಹೆಸರನ್ನು ಕೆತ್ತಿದರು. ಈ ಪ್ರಸಂಗವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ತಪ್ಪು ತಿದ್ದುವಂತಹ ತಪ್ಪಾಗಿತ್ತು. ಏಕೆಂದರೆ ಊಹೆಯನ್ನು ಅವರು ಊಹೆಯೆಂದೇ ಹೇಳಿದ್ದರು, ಮತ್ತು ಹೆಸರಿಗೆ ಆಧಾರವಾದ ಮೂಲ ಮಾದರಿಯನ್ನು ಮುಂದಿನವರ ಪರೀಕ್ಷೆಗೆ ಕಾಯ್ದಿಡುವುದು ಆ ಶಾಸ್ತ್ರದ ಕಟ್ಟಳೆ. ಪೆಂಟಾಕ್ಸಿಲಾನ್ ಗಿಡವನ್ನೇ 1985ರಲ್ಲಿ ಬೋಸ್, ಪಾಲ್ ಮತ್ತು ಹ್ಯಾರಿಸ್ ಎಂಬವರು ಮತ್ತೊಮ್ಮೆ ಸಮಗ್ರವಾಗಿ ಪರಿಷ್ಕರಿಸಿದರು.

ಮರುದಿನ ಆ ಸಂಶೋಧಕರಿಗೆ ನಿಜಸಂಗತಿಯನ್ನು ಬರೆದೆ. ಅವರ ಉತ್ತರ ಒಂದೇ ವಾಕ್ಯದ್ದು: “ಪಂಡಿತರೇ, ಇಂಥವು ಇನ್ನೆಷ್ಟು ಇವೆ?”

ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆ. ಮೂರು ಕಡೆಗಳನ್ನು ನಿಶ್ಚಯವಾಗಿ ಗುರುತಿಸಿದೆ. ಇನ್ನೂ ನಾಲ್ಕೈದು ಕಡೆ ಅನುಮಾನ ಬಂತು. ಕವಿಯ ಮಾತು ಯಾವುದು, ಪ್ರಾಯದ ನನ್ನ ಮಾತು ಯಾವುದು ಎಂದು ನನಗೇ ತಿಳಿಯದಾಯಿತು. ಮೂಲವನ್ನು ನೋಡೋಣವೆಂದು ಆ ಮನೆಗೆ ಹೋದೆ. ಮನೆಯ ಹಿರಿಯರು ತೀರಿಕೊಂಡ ಮೇಲೆ, ಪೂಜೆಯಿಲ್ಲದ ಓಲೆಗಳು ಮನೆಯಲ್ಲಿರಬಾರದೆಂದು ಎಲ್ಲವನ್ನೂ ಭಕ್ತಿಯಿಂದ ಘಟಪ್ರಭೆಗೆ ಬಿಟ್ಟಿದ್ದರು. “ಅಚ್ಚಾಗೇತಲ್ಲರಿ ಗುರುಗಳೇ, ಪುಸ್ತಕ ಐತೆಲ್ಲ ಅಂತ ಬಿಟ್ವಿರಿ,” ಎಂದರು ಆ ಮನೆಯ ತಾಯಿ. ಅವರಿಗೆ ಏನೆಂದು ಉತ್ತರ ಕೊಡಲಿ? ಹನ್ನೊಂದು ಕೋಟಿ ವರ್ಷ ಉಳಿದ ಎಲೆಯನ್ನು ಇಂದಿಗೂ ಮರುಪರೀಕ್ಷಿಸಬಹುದು. ನಾನು ಕೈಯಾರೆ ಬಿಚ್ಚಿ ಓದಿದ್ದ ಗರಿಯನ್ನು ಇನ್ನಾರೂ ಪರೀಕ್ಷಿಸುವಂತಿಲ್ಲ. ನನ್ನ ಪುಸ್ತಕವೇ ಈಗ ಮೂಲವಾಗಿ ಕುಳಿತಿದೆ.

ಶಾಲೆಯ ಗ್ರಂಥಾಲಯದಲ್ಲಿರುವ ಪ್ರತಿಯಲ್ಲಿ ಆ ಮೂರು ಸಾಲುಗಳಿಗೆ ಕೆಂಪು ಶಾಯಿಯಿಂದ ಚೌಕ ಆವರಣ ಹಾಕಿ, ‘ಇದು ಸಂಪಾದಕನ ರಚನೆ’ ಎಂದು ಬರೆದು ಸಹಿ ಮಾಡಿದ್ದೇನೆ. ಅನುಮಾನದ ಕಡೆಗಳಿಗೆ ಪ್ರಶ್ನಾರ್ಥಕ ಚಿಹ್ನೆಯಿದೆ. ಆ ಪುಸ್ತಕ ಯಾರಲ್ಲಿದ್ದರೂ ತಂದರೆ ಅದರಲ್ಲಿಯೂ ಹಾಗೆಯೇ ಗುರುತು ಮಾಡಿಕೊಡುತ್ತೇನೆ. ನನ್ನಿಂದ ಆ ಸಾಲುಗಳನ್ನು ಬಾಯಿಪಾಠ ಕಲಿತ ಹಳೆಯ ವಿದ್ಯಾರ್ಥಿಗಳಲ್ಲಿ ಕ್ಷಮೆ ಬೇಡುತ್ತೇನೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಶಾಲೆಗೆ ಕಟ್ಟಡವನ್ನೂ ಪುಸ್ತಕಗಳನ್ನೂ ಕೊಟ್ಟ ಮಹನೀಯರು ಈ ಸಂಚಿಕೆಯನ್ನು ಓದುವರು. ತಮ್ಮ ಮನೆಗಳ ಅಟ್ಟದ ಮೇಲೆ, ದೇವರ ಕೋಣೆಯ ಮೂಲೆಯಲ್ಲಿ, ಹರಿದ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗಳಿದ್ದರೆ ದಯವಿಟ್ಟು ಹೊಳೆಗೆ ಬಿಡಬೇಡಿ. ಮೊದಲಿಲ್ಲದ, ಕೊನೆಯಿಲ್ಲದ ಒಂಟಿ ಗರಿಯಾದರೂ ಸರಿಯೇ, ಅಚ್ಚಾಗಿದ್ದರೂ ಸರಿಯೇ, ಶಾಲೆಗೆ ತಂದುಕೊಡಿ. ಯಾವ ಕಾವ್ಯದ್ದೆಂದು ತಿಳಿಯದಿದ್ದರೆ ಯಾವ ಮನೆಯಿಂದ ಬಂದಿತೆಂಬುದನ್ನಷ್ಟೇ ಬರೆದು ಇಡುತ್ತೇವೆ. ಜೋಡಿಸುವವರು ಮುಂದೆ ಬರುತ್ತಾರೆ.